ಹೆಚ್ಚು ಆಕ್ಟೇನ್ ಯಾವ ಎಂಜಿನ್ನಿಗೆ ಬೇಕು?

ವೇಗದ ಕಾರಿಗೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿಸಿದರೆ, ಕೊಟ್ಟ ಹೆಚ್ಚುವರಿ ಹಣಕ್ಕೆ ತಕ್ಕ ಫಲ ಸಿಗುತ್ತದೆಯೇ? ಇಂದು ನನ್ನ ಮುಂದಿಟ್ಟಿರುವ ಪ್ರಶ್ನೆ ಇದು. ಉತ್ತರಕ್ಕಾಗಿ ನಿಮ್ಮನ್ನು ಕೊನೆಯವರೆಗೆ ಕಾಯಿಸುವುದಿಲ್ಲ. ಆಕ್ಟೇನನ್ನು ಬಳಸಿಕೊಳ್ಳುವಂತೆ ರೂಪಿಸಿದ ಎಂಜಿನ್ನಿಗೆ ಅದು ಖಂಡಿತ ಬೇಕು, ಅಲ್ಲಿ ಜಿಪುಣತನ ಸಲ್ಲದು. ಹಾಗೆ ರೂಪಿಸದ ಎಂಜಿನ್ನಿಗೆ ಅದರಿಂದ ಏನೂ ಸಿಗುವುದಿಲ್ಲ, ಕಾರಿನ ಹೊರನೋಟ ಎಷ್ಟೇ ಚುರುಕಾಗಿರಲಿ. ಈ ಎರಡರ ನಡುವೆ ಬೀಳುವ ಕಾರುಗಳು ಇಂದು ಬಹಳ ಇವೆ. ಅವುಗಳ ಲೆಕ್ಕ ಅಷ್ಟು ಸುಲಭವಲ್ಲ, ಸ್ವಾರಸ್ಯವೂ ಅಲ್ಲೇ ಇದೆ. ಅಲ್ಲಿಗೆ ತಲುಪುವ ಮೊದಲು ಸಿಲಿಂಡರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಲೇಬೇಕು.

ಮೊದಲು ಒಂದು ನಂಬಿಕೆಯನ್ನು ಬದಿಗಿಡೋಣ. ಹೆಚ್ಚು ಆಕ್ಟೇನಿನ ಪೆಟ್ರೋಲಿನಲ್ಲಿ ಹೆಚ್ಚು ಶಕ್ತಿ ತುಂಬಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಒಂದು ಕಿಲೊಗ್ರಾಂ ಪೆಟ್ರೋಲ್ ಪೂರ್ತಿ ಉರಿದರೆ ಸುಮಾರು 43 ಮೆಗಾಜೂಲ್ ಶಕ್ತಿ ಬರುತ್ತದೆ. ಅದರ ಆಕ್ಟೇನ್ 91 ಆಗಿದ್ದರೂ 98 ಆಗಿದ್ದರೂ ಈ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಎಥನಾಲನ್ನು ನೋಡಿ. ಅದರ ಆಕ್ಟೇನ್ 108ರ ಆಸುಪಾಸು, ಆದರೆ ಒಂದು ಕಿಲೊಗ್ರಾಮಿನಿಂದ ಸಿಗುವುದು ಸುಮಾರು 27 ಮೆಗಾಜೂಲ್ ಮಾತ್ರ. ಆಕ್ಟೇನ್ ಶಕ್ತಿಯ ಅಳತೆಯಾಗಿದ್ದರೆ ಈ ಎರಡು ಅಂಕಿಗಳು ಒಂದೇ ದ್ರವದಲ್ಲಿ ಹೊಂದಿಕೊಳ್ಳುತ್ತಲೇ ಇರಲಿಲ್ಲ. ಹೆಚ್ಚು ಆಕ್ಟೇನಿನ ಇಂಧನ ನಿಧಾನವಾಗಿ ಉರಿಯುತ್ತದೆ ಎಂಬ ಮಾತೂ ಅಷ್ಟೇ ಪ್ರಚಲಿತ. ಜ್ವಾಲೆ ಹರಡುವ ವೇಗಕ್ಕೂ ಆಕ್ಟೇನಿಗೂ ನೇರ ಸಂಬಂಧವಿಲ್ಲ. ಇಂಧನವು ಕಿಡಿ ಮುಟ್ಟದೆ ತಾನಾಗಿ ಹೊತ್ತಿಕೊಳ್ಳುವುದನ್ನು ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಆಕ್ಟೇನ್ ಹೇಳುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಕಿಡಿಯಿಂದ ಹೊರಟ ಜ್ವಾಲೆ ಗೋಡೆಯ ಕಡೆಗೆ ಹರಡುತ್ತದೆ. ಇದು ಸ್ಫೋಟವಲ್ಲ, ಕ್ರಮವಾಗಿ ಮುನ್ನಡೆಯುವ ಉರಿ. ಜ್ವಾಲೆ ಮುಂದೆ ಸರಿದಂತೆ ಅದರಾಚೆ ಉಳಿದಿರುವ ಮಿಶ್ರಣ ಇನ್ನಷ್ಟು ಒತ್ತಡಕ್ಕೂ ಇನ್ನಷ್ಟು ಬಿಸಿಗೂ ಒಳಗಾಗುತ್ತದೆ. ಜ್ವಾಲೆ ತಲುಪುವ ಮೊದಲೇ ಆ ಕೊನೆಯ ಪಾಲು ತಾನಾಗಿ ಹೊತ್ತಿಕೊಂಡರೆ ಅದು ಒಟ್ಟಿಗೇ ಉರಿದುಬಿಡುತ್ತದೆ, ಒತ್ತಡದ ಅಲೆಗಳು ಸಿಲಿಂಡರಿನೊಳಗೆ ಅತ್ತಿತ್ತ ಬಡಿಯುತ್ತವೆ. ಹೊರಗೆ ಕೇಳುವ ಆ ಟಿಣ್ ಟಿಣ್ ಸದ್ದನ್ನೇ ನಾವು ನಾಕಿಂಗ್ ಎನ್ನುತ್ತೇವೆ. ಸಾಮಾನ್ಯ ಅಳತೆಯ ಸಿಲಿಂಡರಿನಲ್ಲಿ ಆ ಸದ್ದಿನ ಆವರ್ತನ ಸುಮಾರು 6 ಕಿಲೊಹರ್ಟ್ಸ್. ಲೋಹದ ಮೇಲ್ಮೈಗೆ ಅಂಟಿಕೊಂಡು ಅದನ್ನು ಕಾಯುವ ಅನಿಲದ ತೆಳು ಪದರವನ್ನು ಈ ಅಲೆಗಳು ಕಿತ್ತುಹಾಕುತ್ತವೆ. ಬಿಸಿ ನೇರವಾಗಿ ಪಿಸ್ಟನ್ನಿಗೆ ತಾಗುತ್ತದೆ. ಭಾರೀ ಹೊರೆಯಲ್ಲಿ ಇದು ಮುಂದುವರಿದರೆ ಪಿಸ್ಟನ್ನಿನ ಅಂಚು ತಿಂದುಹೋಗುತ್ತದೆ, ರಿಂಗುಗಳ ನಡುವಿನ ಭಾಗ ಮುರಿಯುತ್ತದೆ.

ಈ ಗುಣವನ್ನು ಅಳೆಯುವ ಮಾನದಂಡವನ್ನು 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞರು ಸೂಚಿಸಿದರು. ಸುಲಭವಾಗಿ ನಾಕ್ ಆಗುವ ನಾರ್ಮಲ್ ಹೆಪ್ಟೇನಿಗೆ ಸೊನ್ನೆ, ಚೆನ್ನಾಗಿ ತಡೆದುಕೊಳ್ಳುವ ಐಸೊ ಆಕ್ಟೇನಿಗೆ ನೂರು. ಪರೀಕ್ಷಿಸುವ ಇಂಧನ ಈ ಎರಡರ ಯಾವ ಮಿಶ್ರಣದಂತೆ ವರ್ತಿಸುತ್ತದೆಯೋ ಅದೇ ಅದರ ಸಂಖ್ಯೆ. ಓಡುತ್ತಿರುವಾಗಲೇ ಸಂಪೀಡನ ಅನುಪಾತವನ್ನು, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬುದನ್ನು, ಬದಲಿಸಬಲ್ಲ ಒಂದೇ ಸಿಲಿಂಡರಿನ, ಸಿಎಫ್ಆರ್ ಎಂಬ ಪರೀಕ್ಷಾ ಎಂಜಿನ್ ಇದಕ್ಕಾಗಿಯೇ ಹುಟ್ಟಿತು, ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಎರಡು ವಿಧದ ಪರೀಕ್ಷೆಗಳಿವೆ. 600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ, ನಡೆಯುವ ಸೌಮ್ಯ ಪರೀಕ್ಷೆಯ ಫಲ ಆರ್‌ಓಎನ್ (ರಿಸರ್ಚ್ ಆಕ್ಟೇನ್ ನಂಬರ್). 900 ಆರ್‌ಪಿಎಂನಲ್ಲಿ, ಮಿಶ್ರಣವನ್ನು 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನಡೆಸುವ ಕಠಿಣ ಪರೀಕ್ಷೆಯ ಫಲ ಎಂಓಎನ್ (ಮೋಟಾರ್ ಆಕ್ಟೇನ್ ನಂಬರ್). ಜಗತ್ತಿನ ಹೆಚ್ಚಿನ ಕಡೆ ಬಂಕಿನಲ್ಲಿ ಬರೆದಿರುವುದು ಆರ್‌ಓಎನ್. ಅಮೆರಿಕದಲ್ಲಿ ಬರೆಯುವುದು ಎರಡರ ಸರಾಸರಿ, ಆದ್ದರಿಂದ ಅಲ್ಲಿನ 91 ಬೇರೆಡೆಯ 95ಕ್ಕೆ ಹತ್ತಿರ. ಅಂತರ್ಜಾಲದಲ್ಲಿ ಓದಿದ ಸಂಖ್ಯೆಯನ್ನು ನಿಮ್ಮ ಕಾರಿನ ಕೈಪಿಡಿಯ ಸಂಖ್ಯೆಯೊಂದಿಗೆ ಹೋಲಿಸುವ ಮುನ್ನ ಅದು ಯಾವ ಅಳತೆ ಎಂದು ದಯವಿಟ್ಟು ನೋಡಿಕೊಳ್ಳಿ. ಇದೊಂದನ್ನು ಗಮನಿಸದೆ ನಡೆಯುವ ವಾಗ್ವಾದಗಳಿಗೆ ಕೊನೆಯೇ ಇಲ್ಲ.

ಇಂಧನ ತಾನಾಗಿ ಶಕ್ತಿ ಕೊಡುವುದಿಲ್ಲ ಎಂದಾದರೆ ವೇಗದ ಕಾರುಗಳು ಹೆಚ್ಚು ಆಕ್ಟೇನನ್ನು ಏಕೆ ಕೇಳುತ್ತವೆ? ಎಂಜಿನ್ ವಿನ್ಯಾಸಕಾರನಿಗೆ ಶಕ್ತಿ ಹೆಚ್ಚಿಸಲು ಮೂರು ದಾರಿಗಳಿವೆ: ಮಿಶ್ರಣವನ್ನು ಇನ್ನಷ್ಟು ಒತ್ತುವುದು, ಟರ್ಬೊದಿಂದ ಇನ್ನಷ್ಟು ಗಾಳಿ ತುಂಬುವುದು, ಕಿಡಿಯನ್ನು ಸರಿಯಾದ ಕ್ಷಣದಲ್ಲಿ ಹಾರಿಸುವುದು. ಮೂರಕ್ಕೂ ಅಡ್ಡ ನಿಲ್ಲುವುದು ಒಂದೇ, ನಾಕಿಂಗ್. ಆದರ್ಶ ಲೆಕ್ಕದಲ್ಲಿ ಸಂಪೀಡನ ಅನುಪಾತ 9 ಇದ್ದಾಗ ದಕ್ಷತೆ ಶೇ 58.5, ಅದು 12 ಆದರೆ ಶೇ 63. ನಿಜವಾದ ಎಂಜಿನ್ನುಗಳ ದಕ್ಷತೆ ಇದಕ್ಕಿಂತ ಬಹಳ ಕಡಿಮೆ, ಆದರೂ ಏರಿಕೆಯ ದಿಕ್ಕು ಅದೇ. ಆ ಏರಿಕೆಯನ್ನು ಪಡೆಯಬೇಕಾದರೆ ಒತ್ತಡವನ್ನು ತಾಳಿಕೊಳ್ಳುವ ಇಂಧನ ಬೇಕು.

ಕಿಡಿಯ ಸಮಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಹಣದ ಲಾಭ ನಷ್ಟ ತೀರ್ಮಾನವಾಗುವುದು ಇಲ್ಲಿಯೇ. 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಒಂದು ಸುತ್ತು ತಿರುಗಲು ಒಂದು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಉರಿ ಹರಡುವುದಕ್ಕೂ ಸಮಯ ಬೇಕಾದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಪಿಸ್ಟನ್ ತುದಿ ದಾಟಿ ಕೆಳಗಿಳಿಯಲು ತೊಡಗಿದ ಮೇಲೆ, ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 12ರಿಂದ 16 ಡಿಗ್ರಿಯ ಹೊತ್ತಿಗೆ, ಒತ್ತಡ ಗರಿಷ್ಠ ಮಟ್ಟ ಮುಟ್ಟಿದರೆ ಅತಿ ಹೆಚ್ಚು ಕೆಲಸ ಸಿಗುತ್ತದೆ. ತೂಗುವ ಉಯ್ಯಾಲೆಯನ್ನು ತಳ್ಳುವಾಗ ಹೇಗೋ ಹಾಗೆ: ಮುಂಚೆ ತಳ್ಳಿದರೆ ಎದುರು ತಳ್ಳಿದಂತೆ, ತಡವಾದರೆ ಕೈಗೆ ಸಿಗದಂತೆ. ಪ್ರತಿ ಎಂಜಿನ್ನಿಗೂ ಪ್ರತಿ ವೇಗಕ್ಕೂ ಪ್ರತಿ ಹೊರೆಗೂ ಇಂಥ ಒಂದು ಅತ್ಯುತ್ತಮ ಕ್ಷಣ ಇದೆ.

ಹೊರೆ ಕಡಿಮೆ ಇದ್ದಾಗ, ಅಂದರೆ ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿ ಹೋಗುವಾಗ, ಸಾಧಾರಣ ಪೆಟ್ರೋಲಿನಲ್ಲೇ ಎಂಜಿನ್ ಆ ಅತ್ಯುತ್ತಮ ಕ್ಷಣವನ್ನು ಮುಟ್ಟುತ್ತದೆ. ಅಲ್ಲಿ ಆಕ್ಟೇನ್ ಎಷ್ಟೇ ಹೆಚ್ಚಿದ್ದರೂ ಪಡೆಯಲು ಏನೂ ಉಳಿದಿರುವುದಿಲ್ಲ. ಪೂರ್ಣ ಹೊರೆಯಲ್ಲಿ ಚಿತ್ರ ಬೇರೆ. ಸಿಲಿಂಡರು ತುಂಬಿ ಒತ್ತಡ ಏರಿದಾಗ, ಅತ್ಯುತ್ತಮ ಕ್ಷಣಕ್ಕೆ ಮೊದಲೇ ನಾಕಿಂಗ್ ಎದುರಾಗುತ್ತದೆ. ಎಂಜಿನ್ ಬ್ಲಾಕಿಗೆ ಬಿಗಿದಿರುವ ನಾಕ್ ಸೆನ್ಸರ್ ಆ ಸದ್ದನ್ನು ಹಿಡಿದು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತದೆ, ಇಸಿಯು ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಎಂಜಿನ್ ಸುರಕ್ಷಿತ, ಆದರೆ ಟಾರ್ಕ್ (ತಿರುಗಿಸುವ ಬಲ) ಕುಗ್ಗುತ್ತದೆ. ಇಷ್ಟೇ ಅಲ್ಲ. ಕಿಡಿ ತಡವಾದರೆ ಉರಿಯ ಬಿಸಿ ಪಿಸ್ಟನ್ನನ್ನು ತಳ್ಳುವ ಬದಲು ಹೊಗೆ ಹೊರಹೋಗುವ ನಿಷ್ಕಾಸದ ಕಡೆಗೆ ಹೋಗುತ್ತದೆ. ಟರ್ಬೊ ಮತ್ತು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮಿತಿ ಮೀರಿ ಕಾಯದಂತೆ ತಡೆಯಲು ಅನೇಕ ಎಂಜಿನ್ನುಗಳ ಇಸಿಯು ಹೆಚ್ಚುವರಿ ಪೆಟ್ರೋಲನ್ನು ಸುರಿಯುತ್ತದೆ. ಆ ಪೆಟ್ರೋಲ್ ತಂಪು ಮಾಡಲಷ್ಟೇ ಬಳಕೆಯಾಗುತ್ತದೆ. ಕಡಿಮೆ ಆಕ್ಟೇನಿನಿಂದ ಮೈಲೇಜ್ ಬೀಳುವುದಕ್ಕೆ ಇದೂ ಒಂದು ಕಾರಣ, ಮತ್ತು ಇದನ್ನು ಗಮನಿಸುವವರು ಕಡಿಮೆ.

ಹಾಗಾದರೆ ನಿಮ್ಮ ಕಾರಿಗೆ ಲಾಭ ಎಷ್ಟು ಎಂಬುದು ಒಂದೇ ಸಂಗತಿಯ ಮೇಲೆ ನಿಂತಿದೆ: ಸಾಧಾರಣ ಪೆಟ್ರೋಲಿನಲ್ಲಿ ನಿಮ್ಮ ಎಂಜಿನ್ ಕಿಡಿಯನ್ನೋ ಟರ್ಬೊ ಒತ್ತಡವನ್ನೋ ಎಷ್ಟರಮಟ್ಟಿಗೆ ಹಿಂದಕ್ಕೆ ಎಳೆದುಕೊಂಡಿದೆ, ಆಕ್ಟೇನ್ ಹೆಚ್ಚಾದಾಗ ಅದನ್ನು ಮರಳಿ ಮುಂದಕ್ಕೆ ತರುವ ಸ್ವಾತಂತ್ರ್ಯ ಅದರ ಇಸಿಯುಗೆ ಇದೆಯೇ. ಯಾವಾಗ ಕಿಡಿ ಹಾರಿಸಬೇಕು, ಎಷ್ಟು ಗಾಳಿ ತುಂಬಬೇಕು ಎಂದು ಇಸಿಯುಗೆ ಹೇಳುವ ಅಂಕಿಗಳ ಪಟ್ಟಿಗೆ ನಕ್ಷೆ ಎನ್ನುತ್ತಾರೆ. 91ಕ್ಕೆಂದು ಬರೆದ ನಕ್ಷೆ 91ರಲ್ಲೇ ತನ್ನ ಗುರಿ ಮುಟ್ಟಿದ್ದರೆ 98ನ್ನು ಸುರಿದರೂ ಅದು ಮುಂದೆ ಹೋಗುವುದಿಲ್ಲ. 98ಕ್ಕೆಂದು ಬರೆದ ನಕ್ಷೆ 95ರಲ್ಲಿ ಕುಂಟುತ್ತದೆ.

ಕೆಲವು ನಿಜವಾದ ಅಂಕಿಗಳನ್ನು ನೋಡೋಣ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2016ರಲ್ಲಿ ಸಾಧಾರಣ ಪೆಟ್ರೋಲಿಗೆಂದೇ ತಯಾರಾದ ಕಾರುಗಳಿಗೆ ದುಬಾರಿ ಪೆಟ್ರೋಲ್ ಹಾಕಿ ಪರೀಕ್ಷಿಸಿತು. ಗಮನಾರ್ಹ ಲಾಭ ಕಾಣಲಿಲ್ಲ. ಮರುವರ್ಷ, ಹೆಚ್ಚು ಆಕ್ಟೇನನ್ನು ಶಿಫಾರಸು ಮಾಡುವ ಆದರೆ ಕಡ್ಡಾಯ ಮಾಡದ ಕಾರುಗಳನ್ನು ಪರೀಕ್ಷಿಸಿತು. ಸರಾಸರಿಯಲ್ಲಿ ಮೈಲೇಜ್ ಶೇ 2.7ರಷ್ಟು, ಅಶ್ವಶಕ್ತಿ ಶೇ 1.4ರಷ್ಟು ಹೆಚ್ಚಿತು. ನನ್ನ ದೃಷ್ಟಿಯಲ್ಲಿ ಎರಡನೆಯ ಪರೀಕ್ಷೆ ಹೆಚ್ಚು ಬೆಲೆಯುಳ್ಳದ್ದು. ಲಾಭ ಇದೆ, ಅದು ಸಣ್ಣದು ಎಂದು ಅದು ನೇರವಾಗಿ ತೋರಿಸುತ್ತದೆ. ಲೆಕ್ಕ ಹಾಕುವುದೂ ಸುಲಭ. ಎರಡು ಪೆಟ್ರೋಲ್‌ಗಳ ಬೆಲೆಯ ಅಂತರ ಶೇಕಡ ಎಷ್ಟು ಎಂದು ನೋಡಿ. ಅದು ಮೈಲೇಜಿನ ಲಾಭಕ್ಕಿಂತ ಹೆಚ್ಚಿದ್ದರೆ ಜೇಬಿನ ಲೆಕ್ಕದಲ್ಲಿ ನಷ್ಟವೇ. ಉಳಿದ ಅಂತರವನ್ನು ಎಂಜಿನ್ನಿನ ಚುರುಕಿಗಾಗಿ ಕೊಡುತ್ತಿದ್ದೇನೆ ಎಂದು ಒಪ್ಪಿಕೊಂಡು ಕೊಡುವುದಾದರೆ ಅದರಲ್ಲಿ ತಪ್ಪಿಲ್ಲ. ಕಾರನ್ನು ಪ್ರೀತಿಸುವವನಿಗೆ ಆ ಚುರುಕಿಗೂ ಒಂದು ಬೆಲೆ ಇದೆ. ಹಣ ಉಳಿಯುತ್ತದೆ ಎಂದು ಭಾವಿಸಿ ಕೊಡಬಾರದು, ಅಷ್ಟೇ.

ಶಕ್ತಿಯ ಏಣಿಯಲ್ಲಿ ಮೇಲೆ ಹೋದಂತೆ ಅಂತರ ಹಿಗ್ಗುತ್ತದೆ. 2018ರ ಡಾಡ್ಜ್ ಡೀಮನ್ ಕಾರು ಬಂಕಿನ ಪೆಟ್ರೋಲಿನಲ್ಲಿ 808 ಅಶ್ವಶಕ್ತಿ ಕೊಡುತ್ತಿತ್ತು. 100ಕ್ಕೂ ಮೇಲಿನ ಆಕ್ಟೇನ್ ಹಾಕಿ, ಅದಕ್ಕೆಂದೇ ಬರೆದ ಬೇರೆ ನಿಯಂತ್ರಕವನ್ನು ಜೋಡಿಸಿದರೆ 840. ನಿಯಂತ್ರಕವನ್ನು ಬದಲಿಸದೆ ಬರೀ ಇಂಧನ ಸುರಿದರೆ ಆ ಹೆಚ್ಚುವರಿ 32 ಸಿಗುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಕೋನಿಗ್ಸೆಗ್ ಜೆಸ್ಕೊ ಕಾರಿನಲ್ಲಿ ಸಾಧಾರಣ ಪೆಟ್ರೋಲಿಗೆ 1,280, ಎಥನಾಲ್ ಪ್ರಧಾನವಾದ ಇ85ಕ್ಕೆ 1,600 ಅಶ್ವಶಕ್ತಿ. ಇಲ್ಲಿ ಆಕ್ಟೇನ್ ಒಂದೇ ಕೆಲಸ ಮಾಡುತ್ತಿಲ್ಲ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖವನ್ನು ಹೀರಿ ಒಳಗಿನ ಗಾಳಿಯನ್ನು ತಂಪು ಮಾಡುತ್ತದೆ, ಅದರಿಂದಲೂ ನಾಕಿಂಗ್ ಹಿಂದೆ ಸರಿಯುತ್ತದೆ. ಬದಲಿಗೆ ಇಂಧನ ಬೇಗ ಖಾಲಿಯಾಗುತ್ತದೆ. ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು.

ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ ಎಂಜಿನ್ನಿನಲ್ಲಿ ಲಾಭ ಏಕೆ ಹೆಚ್ಚು ಎಂಬುದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ ಆಕಾಶದ್ದು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ 87 ಆಕ್ಟೇನಿನ ಇಂಧನದಲ್ಲಿ ಚದರ ಇಂಚಿಗೆ 6.25 ಪೌಂಡ್ ಬೂಸ್ಟಿನ (ಒಳಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡದ) ಮಿತಿಯಲ್ಲಿತ್ತು. 100 ಆಕ್ಟೇನ್ ಬಂದಾಗ ಸಣ್ಣ ಮಾರ್ಪಾಡಿನೊಂದಿಗೆ ಅದನ್ನು 12 ಪೌಂಡಿಗೆ ಏರಿಸಿದರು. ಕಡಿಮೆ ಎತ್ತರದ ಹಾರಾಟದಲ್ಲಿ ಸಾವಿರದ ಆಸುಪಾಸಿನಲ್ಲಿದ್ದ ಅಶ್ವಶಕ್ತಿ 1,300ರ ಆಸುಪಾಸಿಗೆ ಏರಿತು. ಎಂಜಿನ್ ಬಹುಮಟ್ಟಿಗೆ ಅದೇ. ಬದಲಾದದ್ದು ಅದು ಎಷ್ಟು ಗಾಳಿಯನ್ನು ನುಂಗಿ ತಾಳಿಕೊಳ್ಳಬಲ್ಲದು ಎಂಬುದು. ಸ್ವಾಭಾವಿಕವಾಗಿ ಗಾಳಿ ಎಳೆದುಕೊಳ್ಳುವ ಎಂಜಿನ್ನಿಗೆ ಈ ಅವಕಾಶ ಇಲ್ಲ. ಅದರ ಗಾಳಿಯ ಪಾಲು ನಿಗದಿಯಾಗಿರುತ್ತದೆ, ಸಿಗುವುದೇನಿದ್ದರೂ ಕಿಡಿಯ ಕೆಲವು ಡಿಗ್ರಿಗಳಿಂದ ಮಾತ್ರ.

ಇನ್ನೊಂದು ಉದಾಹರಣೆಯನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. 1988ರಲ್ಲಿ ಮೆಕ್ಲಾರೆನ್ ಎಂಪಿ4/4 ಕಾರು ಫಾರ್ಮುಲಾ ಒನ್ನಿನ 16 ಸ್ಪರ್ಧೆಗಳಲ್ಲಿ 15ನ್ನು ಗೆದ್ದಿತು. ಅದರ ಹೋಂಡಾ ಟರ್ಬೊ ಎಂಜಿನ್ನಿನ ಇಂಧನದಲ್ಲಿ ಶೇ 84 ಟಾಲೀನ್ ಎಂಬ ಹೈಡ್ರೊಕಾರ್ಬನ್ ಇತ್ತು. ಉಳಿದ ಶೇ 16 ಏನು? ಸೊನ್ನೆ ಆಕ್ಟೇನಿನ ನಾರ್ಮಲ್ ಹೆಪ್ಟೇನ್! ನಿಯಮದ ಪ್ರಕಾರ ಆರ್‌ಓಎನ್ 102ನ್ನು ಮೀರುವಂತಿರಲಿಲ್ಲ. ಟಾಲೀನ್ ತಾನೇ ಅದಕ್ಕಿಂತ ಬಹಳ ಮೇಲಿದ್ದುದರಿಂದ ಹೆಪ್ಟೇನ್ ಬೆರೆಸಿ ಸಂಖ್ಯೆಯನ್ನು ಕೆಳಗಿಳಿಸಿದರು. ಆ ವರ್ಷ ಟರ್ಬೊ ಕಾರುಗಳಿಗೆ ಇಡೀ ಸ್ಪರ್ಧೆಗೆ 150 ಲೀಟರ್ ಇಂಧನದ ಮಿತಿ ಇತ್ತು. ಟಾಲೀನ್ ಪೆಟ್ರೋಲಿಗಿಂತ ಸಾಂದ್ರವಾದ್ದರಿಂದ ಅದೇ 150 ಲೀಟರಿನಲ್ಲಿ ಹೆಚ್ಚು ಶಕ್ತಿ ಹಿಡಿಸಬಹುದಾಗಿತ್ತು. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದನ್ನು ಆ ಎಂಜಿನಿಯರುಗಳು ಎಷ್ಟು ನಿಖರವಾಗಿ ಬೇರ್ಪಡಿಸಿ ಯೋಚಿಸಿದ್ದರು ನೋಡಿ. ಇಂಥ ಕೆಲಸ ಕಂಡಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಆಕ್ಟೇನಿನ ಹಂಬಲಕ್ಕೆ ಕರಾಳ ಮುಖವೂ ಇದೆ. 1921ರಲ್ಲಿ ಥಾಮಸ್ ಮಿಜ್ಲಿ ಟೆಟ್ರಾಈಥೈಲ್ ಸೀಸದ ನಾಕ್ ನಿರೋಧಕ ಗುಣವನ್ನು ಕಂಡುಹಿಡಿದರು. ಅಗ್ಗದಲ್ಲಿ ಆಕ್ಟೇನ್ ಸಿಕ್ಕಿತು, ಜಗತ್ತಿನ ಗಾಳಿಗೆ ಸೀಸ ಸೇರಿತು. ರಸ್ತೆಯ ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ ಮಾರುವುದು ಎಲ್ಲ ದೇಶಗಳಲ್ಲೂ ನಿಂತದ್ದು 2021ರಲ್ಲಿ. ಒಂದು ನೂರು ವರ್ಷ. ಮಕ್ಕಳ ಮಿದುಳಿಗೆ ಆದ ಹಾನಿಯನ್ನು ನೆನೆದರೆ ಇದನ್ನು ಎಂಜಿನ್ನುಗಳ ಇತಿಹಾಸದ ಅಡಿಟಿಪ್ಪಣಿಯಾಗಿ ಬಿಡಲು ನನಗೆ ಸಾಧ್ಯವಿಲ್ಲ.

ಈಗಿನ ಟರ್ಬೊ ಎಂಜಿನ್ನುಗಳ ಬಗ್ಗೆ ಒಂದು ಸೂಕ್ಷ್ಮ ಅಂಶ. ಸಿಎಫ್ಆರ್ ಎಂಜಿನ್ ಬಹಳ ಹಳೆಯ ವಿನ್ಯಾಸದ್ದು. ಇಂದಿನ ನೇರ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ) ಟರ್ಬೊ ಎಂಜಿನ್ನಿನಲ್ಲಿ ಒತ್ತಡ ಹೆಚ್ಚು, ಆದರೆ ಆ ಒತ್ತಡಕ್ಕೆ ಹೋಲಿಸಿದರೆ ಮಿಶ್ರಣ ತಂಪು. ಇಂಥ ಎಂಜಿನ್ನುಗಳಿಗೆ ಆರ್‌ಓಎನ್ ಹೆಚ್ಚಿದ್ದು ಎಂಓಎನ್ ಕಡಿಮೆ ಇರುವ ಇಂಧನವೇ ಒಳ್ಳೆಯದು ಎಂದು ಇಂಧನ ಸಂಶೋಧಕ ಗೌತಮ್ ಕಲಘಟಗಿ ಅವರ ಸಂಶೋಧನೆ ತೋರಿಸಿತು. ಎರಡರ ಸರಾಸರಿ ಬರೆಯುವ ಪದ್ಧತಿ ಇವುಗಳ ವಿಷಯದಲ್ಲಿ ದಾರಿ ತಪ್ಪಿಸಬಹುದು. ಟರ್ಬೊ ಕಾರಿನ ಒಡೆಯರು ನೋಡಬೇಕಾದ ಸಂಖ್ಯೆ ಆರ್‌ಓಎನ್.

ದುಬಾರಿ ಪೆಟ್ರೋಲಿನ ಜಾಹೀರಾತುಗಳಲ್ಲಿ ಆಕ್ಟೇನಿನ ಜೊತೆಗೆ ಶುದ್ಧೀಕಾರಕಗಳ ಮಾತೂ ಬರುತ್ತದೆ. ಇವು ಎರಡು ಬೇರೆ ವಿಷಯಗಳು. ಇಂಜೆಕ್ಟರನ್ನು ಶುಚಿಯಾಗಿಡುವ ರಾಸಾಯನಿಕವನ್ನು ಯಾವ ಆಕ್ಟೇನಿನ ಪೆಟ್ರೋಲಿಗಾದರೂ ಸೇರಿಸಬಹುದು. ಆ ಗುಣಕ್ಕಾಗಿ ಹಣ ಕೊಡುವುದಾದರೆ ಆ ಗುಣದ ಬಗ್ಗೆಯೇ ವಿಚಾರಿಸಿ. ನೇರ ಇಂಜೆಕ್ಷನ್ ಎಂಜಿನ್ನಿನ ಒಳಹರಿವಿನ ವಾಲ್ವ್‌ಗಳಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಕೂತ ಕಿಟ್ಟವನ್ನು ಯಾವ ಪೆಟ್ರೋಲೂ ತೊಳೆಯದು. ಬಾಟಲಿಯಲ್ಲಿ ಮಾರುವ ಆಕ್ಟೇನ್ ಬೂಸ್ಟರುಗಳ ಬಗ್ಗೆ ನನಗೆ ಒಲವಿಲ್ಲ. ಅನೇಕ ಬಾಟಲಿಗಳ ಮೇಲೆ ಬರೆದಿರುವ ಹತ್ತು ಅಂಶದ ಏರಿಕೆ ಎಂದರೆ ನಿಜದಲ್ಲಿ ಒಂದು ಆಕ್ಟೇನ್. ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತಗಳಿದ್ದರೆ ಅವು ಪ್ಲಗ್ಗಿನ ಮೇಲೆ ಪದರಗಟ್ಟುತ್ತವೆ.

ಈ ಉಪನ್ಯಾಸದ ಬಳಿಕ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಹೆಚ್ಚು ಆಕ್ಟೇನ್ ಹಾಕಿದ ತಕ್ಷಣ ಪಿಕಪ್ ಹೆಚ್ಚಿದ್ದು ಅನುಭವಕ್ಕೆ ಬಂತು, ಅದು ಭ್ರಮೆಯೇ ಎಂದು ಒಬ್ಬರು ಕೇಳಿದರು. ಭ್ರಮೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ, ಆದರೆ ಪರೀಕ್ಷೆ ಹೀಗಿರಲಿ. ಟ್ಯಾಂಕ್ ಬಹುತೇಕ ಖಾಲಿಯಾದ ಮೇಲೆ ತುಂಬಿಸಿ, ಇಲ್ಲದಿದ್ದರೆ ಹಳೆಯದು ಬೆರೆತು ಸಂಖ್ಯೆ ನಡುವೆ ನಿಲ್ಲುತ್ತದೆ. ಇಸಿಯು ಹೊಸ ಇಂಧನವನ್ನು ಕಲಿಯಲು ಸ್ವಲ್ಪ ಓಡಾಟ ಬೇಕು. ಇಸಿಯುವಿನ ಅಂಕಿಗಳನ್ನು ಓದುವ ಒಬಿಡಿ ಸಾಧನ ಜೋಡಿಸಿ, ಪೂರ್ಣ ಹೊರೆಯಲ್ಲಿ ಕಿಡಿಯ ಸಮಯ ಎಷ್ಟು ಡಿಗ್ರಿ ಇದೆ ಎಂದು ದಾಖಲಿಸಿ. ಗಾಳಿಯ ಉಷ್ಣಾಂಶ ಎರಡೂ ಸಲ ಒಂದೇ ಇರಲಿ, ಏಕೆಂದರೆ ಬಿಸಿ ಗಾಳಿ ನಾಕಿಂಗನ್ನು ಹೆಚ್ಚಿಸುತ್ತದೆ. ಎರಡು ಇಂಧನಗಳ ನಡುವೆ ಡಿಗ್ರಿಗಳು ಬದಲಾಗದಿದ್ದರೆ, ಟರ್ಬೊ ಕಾರಿನಲ್ಲಿ ಬೂಸ್ಟೂ ಬದಲಾಗದಿದ್ದರೆ, ನಿಮ್ಮ ಎಂಜಿನ್ ಆ ಆಕ್ಟೇನನ್ನು ಬಳಸಿಕೊಳ್ಳುತ್ತಿಲ್ಲ.

ಟರ್ಬೊ ಕಾರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಮ್ಮೊಮ್ಮೆ ದೊಡ್ಡ ಬಡಿತ ಕೇಳುತ್ತದೆ, ಹೆಚ್ಚು ಆಕ್ಟೇನ್ ಅದನ್ನು ನಿಲ್ಲಿಸುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಅದು ಸಾಮಾನ್ಯ ನಾಕಿಂಗ್ ಆಗಿರದೆ, ಕಿಡಿಗೂ ಮೊದಲೇ ಎಣ್ಣೆಯ ಹನಿಯೋ ಕಿಟ್ಟದ ಚೂರೋ ಮಿಶ್ರಣವನ್ನು ಹೊತ್ತಿಸುವ ಪೂರ್ವದಹನ ಆಗಿರಬಹುದು. ಅದಕ್ಕೆ ಆಕ್ಟೇನ್ ಪೂರ್ತಿ ಮದ್ದಲ್ಲ. ಎಂಜಿನ್ ಆಯಿಲಿನಲ್ಲಿರುವ ಕ್ಯಾಲ್ಸಿಯಂ ಆಧಾರಿತ ಶುದ್ಧೀಕಾರಕಗಳಿಗೂ ಇದಕ್ಕೂ ಸಂಬಂಧ ಕಂಡುಬಂದದ್ದರಿಂದಲೇ 2018ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ (ಎಪಿಐ) ಎಸ್ಎನ್ ಪ್ಲಸ್ ಎಂಬ ಹೊಸ ಆಯಿಲ್ ಮಾನದಂಡ ಬಂತು. ತಯಾರಕರು ಹೇಳಿದ ದರ್ಜೆಯ ಆಯಿಲ್ ಹಾಕಿಸಿ, ತೀರಾ ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸಬೇಡಿ.

98 ಕಡ್ಡಾಯವಾದ ಕಾರಿಗೆ ದೂರದ ಊರಿನಲ್ಲಿ 91 ಮಾತ್ರ ಸಿಕ್ಕರೆ ಏನು ಮಾಡುವುದು? ಇದು ಕೊನೆಯ ಪ್ರಶ್ನೆ. ಮುಂದಿನ ಬಂಕಿನಲ್ಲಿ ಸರಿಯಾದ ಪೆಟ್ರೋಲ್ ಸಿಗುತ್ತದೆ ಎಂದು ಗೊತ್ತಿದ್ದರೆ ಅಲ್ಲಿಗೆ ಮುಟ್ಟುವಷ್ಟು ಮಾತ್ರ ಹಾಕಿಸಿ, ಪೂರ್ತಿ ತುಂಬಿಸಬೇಡಿ. ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತಬೇಡಿ. ಏರು ರಸ್ತೆಯಲ್ಲಿ ಒಂದು ಗೇರ್ ಕೆಳಗಿಳಿಸಿ, ಆಗ ಪ್ರತಿ ಸುತ್ತಿನ ಹೊರೆ ತಗ್ಗುತ್ತದೆ. ಟಿಣ್ ಟಿಣ್ ಸದ್ದು ಕೇಳಿದ ಕ್ಷಣವೇ ಕಾಲು ಸಡಿಲಿಸಿ. ನಾಕ್ ಸೆನ್ಸರ್ ಇರುವ ಕಾರುಗಳು ಇಷ್ಟರಲ್ಲಿ ತಮ್ಮನ್ನು ತಾವು ಕಾಪಾಡಿಕೊಳ್ಳುತ್ತವೆ. ಸೆನ್ಸರ್ ಇಲ್ಲದ ಹಳೆಯ ಕಾರಿನಲ್ಲಿ, ಅಥವಾ ಹೆಚ್ಚು ಆಕ್ಟೇನಿಗೆಂದು ಹೊರಗೆ ಟ್ಯೂನ್ ಮಾಡಿಸಿ ಸುರಕ್ಷತೆಯ ಅಂತರವನ್ನು ಕಡಿಮೆ ಮಾಡಿಸಿದ ಕಾರಿನಲ್ಲಿ, ಆ ರಕ್ಷಣೆಯನ್ನು ನಂಬಿಕೊಳ್ಳುವಂತಿಲ್ಲ. ಅಂಥ ಕಾರನ್ನು ಕಡಿಮೆ ಆಕ್ಟೇನಿನಲ್ಲಿ ಒತ್ತಾಯದಿಂದ ಓಡಿಸುವುದಕ್ಕಿಂತ ನಿಲ್ಲಿಸಿ, ಸರಿಯಾದ ಪೆಟ್ರೋಲನ್ನು ಕ್ಯಾನಿನಲ್ಲಿ ತರಿಸಿಕೊಳ್ಳುವುದೇ ಒಳ್ಳೆಯದು.